ಸೀಟಿ ಕೇಳದ ರಾತ್ರಿ

ಈಚೆಗೆ ಮೂರು ವಾರ ಒಂದು ಸ್ಪ್ರೆಡ್‌ಶೀಟ್ ಮುಂದೆ ಕೂತಿದ್ದೆ. ನಮ್ಮ ಆ್ಯಪ್ ಎಲ್ಲಿ ನಿಧಾನವಾಗುತ್ತಿದೆ, ಎಲ್ಲಿ ಕೈಕೊಡುತ್ತಿದೆ ಎಂದು ಕಣ್ಣಿಟ್ಟು ನೋಡಲು ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಅಂತ ತೀರ್ಮಾನಿಸುವ ಕೆಲಸ ನನ್ನ ತಲೆಗೆ ಬಂದಿತ್ತು. ಹಾಳೆಯ ಮೇಲ್ಗಡೆ ನ್ಯೂ ರೆಲಿಕ್, ಡೇಟಾಡಾಗ್, ಡೈನಾಟ್ರೇಸ್, ಪ್ರೊಮೀಥಿಯಸ್. ಎಡಗಡೆ ಮೂವತ್ತೆಂಟು ಪ್ರಶ್ನೆ. ಗ್ರಾಫ್ ಬರುತ್ತದಾ? ಬರುತ್ತದೆ. ಡಾಟಾಬೇಸ್ ಎಲ್ಲಿ ಏದುಸಿರು ಬಿಡುತ್ತಿದೆ ಅಂತ ತೋರಿಸುತ್ತದಾ? ತೋರಿಸುತ್ತದೆ. ಅಲರ್ಟ್ ಕಳಿಸುತ್ತದಾ? ಕಳಿಸುತ್ತದೆ. ಎರಡನೇ ವಾರದ ಹೊತ್ತಿಗೆ ಹಾಳೆ ತುಂಬ ಹಸಿರು ಟಿಕ್ಕು. ಹೆಣ್ಣು ನೋಡಲು ಹೋದ ಮನೆಗಳಲ್ಲೆಲ್ಲ ಅದೇ ಉಪ್ಪಿಟ್ಟು, ಅದೇ ಕೇಸರಿಬಾತು ಕೊಟ್ಟ ಹಾಗಾಗಿತ್ತು.

ಏನೇನು ತೋರಿಸುತ್ತೀರಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ. ನಾನು ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇತ್ತು. ಅದು ಹೊಳೆದದ್ದು ಹಳೆಯದೊಂದು ಪೆಟ್ಟಿನ ನೆನಪಿನಿಂದ.

ಆಗ ಬೇರೊಂದು ಕಂಪನಿಯಲ್ಲಿದ್ದೆ. ಹೊತ್ತಲ್ಲದ ಹೊತ್ತಿನಲ್ಲಿ ಏನಾದರೂ ಕೆಟ್ಟರೆ ಎದ್ದು ನೋಡುವ ಆನ್-ಕಾಲ್ ಸರದಿ ನನ್ನದು. ರಾತ್ರಿ 11ಕ್ಕೆ ಮಲಗುವ ಮುಂಚೆ ಡ್ಯಾಶ್‌ಬೋರ್ಡ್ ತೆರೆದರೆ, ಸರ್ವರ್ ಉತ್ತರಿಸಲು ತೆಗೆದುಕೊಳ್ಳುವ ಸರಾಸರಿ ಸಮಯ 300 ಮಿಲಿಸೆಕೆಂಡಿನಿಂದ 40ಕ್ಕೆ ಇಳಿದುಬಿಟ್ಟಿದೆ! ಸಂಜೆ ಹಾಕಿದ ಹೊಸ ಕೋಡು ಫಲ ಕೊಟ್ಟಿತೆಂದು ಹಿಗ್ಗಿ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿದೆ. ಇಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನಿಜದಲ್ಲಿ ಹಣ ಪಾವತಿಸುವ ಪುಟ ಸತ್ತು ಒಂದು ಗಂಟೆಯಾಗಿತ್ತು. ಬಂದವರನ್ನೆಲ್ಲ ಸರ್ವರ್ ಹೊಸ್ತಿಲಲ್ಲೇ ನಿಲ್ಲಿಸಿ, 'ಕ್ಷಮಿಸಿ, ಆಮೇಲೆ ಬನ್ನಿ' ಎಂದು ಸಾಗಹಾಕುತ್ತಿತ್ತು. ಒಳಗೆ ಹೋಗಿ ಹುಡುಕಿ ತಂದುಕೊಡಲು ಹೊತ್ತು ಬೇಕು, ಇಲ್ಲ ಎನ್ನಲು ಎಷ್ಟು ಹೊತ್ತು? ಸಾಲದ್ದಕ್ಕೆ ಆ ಕ್ಷಮಾಪಣೆಯ ಪುಟವನ್ನು ಬರೆದವರು (ಬರೆದವನು ನಾನೇ) ಅದಕ್ಕೆ 200 ಎಂಬ ಸಂಕೇತ ಹಚ್ಚಿದ್ದರು. ವೆಬ್‌ನ ಭಾಷೆಯಲ್ಲಿ 200 ಅಂದರೆ ಎಲ್ಲ ಸರಿಯಾಗಿದೆ ಅಂತ. ಹಾಗಾಗಿ ತಪ್ಪುಗಳ ಎಣಿಕೆಯಲ್ಲೂ ಸೊನ್ನೆ.

ಅಪ್‌ಡೆಕ್ಸ್ ಎಂಬ ಒಂದು ಅಂಕ ಇದೆ. ನ್ಯೂ ರೆಲಿಕ್ ಬಳಸುವವರಿಗೆ ಇದು ಗೊತ್ತಿರುತ್ತದೆ. ಅರ್ಧ ಸೆಕೆಂಡು ಎಂದು ಗಡುವು ಇಟ್ಟುಕೊಂಡರೆ, ಅದರೊಳಗೆ ಉತ್ತರ ಸಿಕ್ಕವನು ತೃಪ್ತ. ಅದರ ನಾಲ್ಕು ಪಟ್ಟು, ಅಂದರೆ 2 ಸೆಕೆಂಡಿನ ತನಕ ಕಾದವನು ಸಹಿಸಿಕೊಂಡವನು, ಅವನಿಗೆ ಅರ್ಧ ಅಂಕ. ಅದನ್ನೂ ದಾಟಿದರೆ ಬೇಸತ್ತವನು, ಅವನಿಗೆ ಸೊನ್ನೆ. ಮನುಷ್ಯನ ಸಹನೆಯನ್ನು ಮೂರು ಡಬ್ಬಿಗೆ ತುಂಬಿದ ಈ ಲೆಕ್ಕ ಮೂರ್ಖತನದ್ದೇನಲ್ಲ, ನಾನು ಇವತ್ತಿಗೂ ನೋಡುತ್ತೇನೆ. ಆದರೆ ಆ ರಾತ್ರಿ ಈ ಲೆಕ್ಕ ಹಾಕಿದ್ದರೆ ಬಾಗಿಲಿಂದ ತಳ್ಳಿಸಿಕೊಂಡವರೆಲ್ಲ ತೃಪ್ತರು.

ಸರಾಸರಿಯದು ಹಳೇ ಕತೆ. ನೂರು ಜನರಲ್ಲಿ ತೊಂಬತ್ತೊಂಬತ್ತು ಮಂದಿಗೆ 100 ಮಿಲಿಸೆಕೆಂಡು, ಒಬ್ಬನಿಗೆ 10 ಸೆಕೆಂಡು. ಸರಾಸರಿ ತೆಗೆದರೆ 199 ಮಿಲಿಸೆಕೆಂಡು. ಆ ಒಬ್ಬ ಎಲ್ಲಿ ಹೋದ? ಅವನನ್ನು ಹುಡುಕಲೆಂದೇ ಒಂದೊಂದು ಕೋರಿಕೆಯ ಬೆನ್ನು ಹತ್ತಿ, ಅದು ಯಾವ ಯಾವ ಸರ್ವರ್ ಹೊಕ್ಕು ಹೊರಬಂತು ಎಂದು ಬರೆದಿಡುವ ಪದ್ಧತಿ ಬಂತು. ಗೂಗಲ್‌ನವರು ಡ್ಯಾಪರ್ ಎಂಬ ತಮ್ಮ ಇಂಥ ಸಾಧನದ ಬಗ್ಗೆ 2010ರಲ್ಲಿ ಬರೆದ ಪ್ರಬಂಧ ಇದಕ್ಕೆ ದಾರಿ. ಊಬರ್‌ನವರು ತಮ್ಮ ಇಂಥದೇ ಸಾಧನಕ್ಕೆ ಯೇಗರ್ ಎಂದು ಹೆಸರಿಟ್ಟರು, ಜರ್ಮನ್‌ನಲ್ಲಿ ಬೇಟೆಗಾರ ಎಂದರ್ಥ. ಆದರೆ ಪ್ರತಿ ಹೆಜ್ಜೆಯನ್ನೂ ಬರೆಯುತ್ತ ಕೂತರೆ ಆ ಬರೆಯುವ ಭಾರಕ್ಕೇ ಆ್ಯಪ್ ಕುಗ್ಗುತ್ತದೆ. ಹಾಗಾಗಿ ಡ್ಯಾಪರ್ ಮೊದಮೊದಲು ಹಿಡಿದಿಟ್ಟದ್ದು ಸರಾಸರಿ 1024 ಕೋರಿಕೆಗೆ ಒಂದನ್ನು. ಉಳಿದ 1023 ಬಂದವು, ಹೋದವು. ನೋಡುವುದಕ್ಕೂ ಖರ್ಚಿದೆ. ಒಬ್ಬರು ಯಂತ್ರಕ್ಕೆ ಇಷ್ಟು ಎಂದು ಬಿಲ್ಲು ಮಾಡುತ್ತಾರೆ, ಇನ್ನೊಬ್ಬರು ಕಳಿಸಿದ ದತ್ತಾಂಶ ತೂಗಿ ದುಡ್ಡು ಕೇಳುತ್ತಾರೆ. ತಿಂಗಳ ಕೊನೆಗೆ ಬಿಲ್ಲು ನೋಡಿದ ಮ್ಯಾನೇಜರು, ಯಾವುದನ್ನು ನೋಡುವುದು ಬಿಡಬಹುದು ಎಂದು ಕೇಳಿಯೇ ಕೇಳುತ್ತಾರೆ.

ಈ ಸಾಧನಗಳಲ್ಲಿ ನಿಜವಾದ ಭೇದ ನನಗೆ ಕಂಡದ್ದು ಒಂದೇ ಕಡೆ: ಯಾವುದಾದರೂ ಸರ್ವರ್ ಸುಮ್ಮನಾದಾಗ.

ಡೇಟಾಡಾಗ್‌ನಂಥವು ಪ್ರತಿ ಯಂತ್ರದಲ್ಲೂ ಒಬ್ಬ ಏಜೆಂಟನನ್ನು ಕೂರಿಸುತ್ತವೆ. ಅವನು ಆಗಾಗ ಸುದ್ದಿ ಕಳಿಸುತ್ತಿರುತ್ತಾನೆ. ಸುದ್ದಿ ನಿಂತರೆ? ಯಂತ್ರ ಸತ್ತಿರಬಹುದು, ನೆಟ್‌ವರ್ಕ್ ಕಡಿದಿರಬಹುದು, ಯಾರೋ ಆ ಯಂತ್ರವನ್ನು ಬೇಕೆಂದೇ ತೆಗೆದಿರಬಹುದು. ಇಷ್ಟು ಹೊತ್ತು ಸುದ್ದಿ ಬಾರದಿದ್ದರೆ ಕೂಗು ಎಂದು ಹೇಳಿಡುವ ಅನುಕೂಲ ಅಲ್ಲೂ ಇದೆ. ಆದರೆ ಮರೆಯದೆ ಹೇಳಿಡಬೇಕು. 2012ರಲ್ಲಿ ಬರ್ಲಿನ್‌ನ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಹುಟ್ಟಿದ ಪ್ರೊಮೀಥಿಯಸ್‌ನ ರೀತಿ ತಿರುಗುಮುರುಗು. ಅದು ಯಾರ ಸುದ್ದಿಗೂ ಕಾಯುವುದಿಲ್ಲ. ನಾವಿಟ್ಟ ಲೆಕ್ಕದಂತೆ ಹದಿನೈದು ಸೆಕೆಂಡಿಗೊಮ್ಮೆ ತಾನೇ ಮನೆಮನೆಗೆ ಹೋಗಿ ಕದ ತಟ್ಟುತ್ತದೆ. ಓಗೊಟ್ಟರೆ ಆ ಮನೆಯ ಲೆಕ್ಕದಲ್ಲಿ 1, ಇಲ್ಲದಿದ್ದರೆ 0. ಇಲ್ಲಿ ಮೌನ ಖಾಲಿ ಜಾಗವಾಗಿ ಉಳಿಯುವುದಿಲ್ಲ, ಅದಕ್ಕೂ ಒಂದು ಅಂಕಿ ಸಿಗುತ್ತದೆ.

ಹಾಗಾದರೆ ಕದ ತಟ್ಟುವವನೇ ಬಿದ್ದುಹೋದರೆ? ದೀಪದ ಬುಡದಲ್ಲಿ ಕತ್ತಲೆ ಅಲ್ಲಿಯೂ ಇದೆ. ಅದಕ್ಕೆ ಈ ಕಸುಬಿನವರು ಕಂಡುಕೊಂಡ ಉಪಾಯ ನನಗೆ ಬಹಳ ಇಷ್ಟ. ವಾಚ್‌ಡಾಗ್ ಎಂಬ ಒಂದು ಅಲರ್ಟ್ ಇಡುತ್ತಾರೆ, ಅದು ಹಗಲೂ ರಾತ್ರಿ, ಯಾವ ಕಾರಣವೂ ಇಲ್ಲದೆ, ಬಡಿಯುತ್ತಲೇ ಇರುತ್ತದೆ. ದೂರದಲ್ಲಿ ಬೇರೊಂದು ಕಡೆ ಕೂತವನು ಅದನ್ನು ಕೇಳಿಸಿಕೊಳ್ಳುತ್ತಿರುತ್ತಾನೆ. ಬಡಿತ ನಿಂತಾಗ ಅವನು ನಮ್ಮನ್ನು ಎಬ್ಬಿಸುತ್ತಾನೆ.

ನಾನು ಹಾಳೆಯ ಕೆಳಗೆ ಮೂವತ್ತೊಂಬತ್ತನೇ ಪ್ರಶ್ನೆ ಸೇರಿಸಿದೆ: 'ನೀವು ಸುಮ್ಮನಿದ್ದರೆ ನಾವು ಏನೆಂದು ತಿಳಿಯಬೇಕು?' ಮಾರಲು ಬಂದಿದ್ದ ಹುಡುಗನೊಬ್ಬ 'ಒಳ್ಳೇ ಪ್ರಶ್ನೆ ಸರ್' ಎಂದು ಬರೆದುಕೊಂಡು ಹೋದ.

ನಮ್ಮ ಬೀದಿಯಲ್ಲಿ ಗಸ್ತು ತಿರುಗುವವನೊಬ್ಬ ಇದ್ದಾನೆ. ನೇಪಾಳದ ಕಡೆಯವನು, ಬೀದಿಗೆಲ್ಲ ಗೂರ್ಖಾ. ಕೋಲು ನೆಲಕ್ಕೆ ಕುಟ್ಟುತ್ತ ಮೂಲೆಮೂಲೆಗೆ ಸೀಟಿ ಊದುತ್ತಾನೆ, ತಿಂಗಳ ಮೊದಲ ಭಾನುವಾರ ಬಂದು 50 ರೂಪಾಯಿ ಇಸಕೊಳ್ಳುತ್ತಾನೆ. ಕಳ್ಳನಿಗೆ ತಾನೆಲ್ಲಿದ್ದೇನೆಂದು ತಾನೇ ಸಾರುತ್ತ ಹೋಗುವ ಇದೆಂಥ ಕಾವಲು ಎಂದು ನಾನು ನಗುತ್ತಿದ್ದೆ. ಆ ಸೀಟಿಗೆ ನನಗೆ ಒಂದು ದಿನವೂ ಎಚ್ಚರವಾದದ್ದಿಲ್ಲ. ಹೋದ ವಾರ ರಾತ್ರಿ ಎರಡರ ಸುಮಾರಿಗೆ ಸುಮ್ಮಸುಮ್ಮನೆ ಎಚ್ಚರವಾಯಿತು. ಯಾಕೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತು ಕಿವಿಗೊಟ್ಟ ಮೇಲೆ ಗೊತ್ತಾಯಿತು, ಸೀಟಿ ಇಲ್ಲ. ಎದ್ದು ಕಿಟಕಿ ತೆರೆದೆ. ಎದುರುಮನೆಯ ಮೆಟ್ಟಿಲ ಮೇಲೆ ಕೋಲು ಒರಗಿಸಿಟ್ಟು, ಫೋನ್ ಕಿವಿಗೆ ಹಚ್ಚಿಕೊಂಡು, ಅವನು ತನ್ನ ಭಾಷೆಯಲ್ಲಿ ಯಾರಿಗೋ ಮೆಲ್ಲಗೆ ಸಮಾಧಾನ ಹೇಳುತ್ತಿದ್ದ.