ಟೊಳ್ಳು ಯಾವ ಲೆಕ್ಕಕ್ಕೆ?

ನೆಪ್ಚೂನ್‌ನ ಆಚೆ, ಕೈಪರ್ ಪಟ್ಟಿಯಲ್ಲಿ, 2002 ಯುಎಕ್ಸ್25 ಎಂಬ ಕಾಯವಿದೆ. ಅಡ್ಡಳತೆ ಸುಮಾರು 650 ಕಿಲೋಮೀಟರ್. ಅದನ್ನು ಸುತ್ತುವ ಪುಟ್ಟ ಉಪಗ್ರಹದ ಕಕ್ಷೆಯನ್ನು ಹಿಡಿದು ಖಗೋಳಜ್ಞ ಮೈಕ್ ಬ್ರೌನ್ 2013ರಲ್ಲಿ ಅದರ ತೂಕ ಲೆಕ್ಕ ಹಾಕಿದರು. ಸಾಂದ್ರತೆ ಘನ ಸೆಂಟಿಮೀಟರಿಗೆ 0.82 ಗ್ರಾಂ ಎಂದು ಬಂತು. ನೀರಿರಲಿ, ಮಂಜುಗಡ್ಡೆಗಿಂತಲೂ ಹಗುರ!

ದೊಡ್ಡ ಕಾಯಗಳು ಚಿಕ್ಕವು ಕೂಡಿಕೊಂಡು ಆದವು ಎಂಬುದು ಒಪ್ಪಿತ ಮಾತು. ಆದರೆ ಪ್ಲೂಟೊದ ಸಾಂದ್ರತೆ 1.85, ಕುಬ್ಜಗ್ರಹ ಏರಿಸ್‌ನದು 2.4ರ ಹತ್ತಿರ. ಹತ್ತು ಮೂಟೆ ಮಂಡಕ್ಕಿ ಒಂದೆಡೆ ಸುರಿದ ಮಾತ್ರಕ್ಕೆ ಅದಕ್ಕೆ ಅಕ್ಕಿಯ ಭಾರ ಬಂದೀತೆ? ಯುಎಕ್ಸ್25ರಷ್ಟು ದೊಡ್ಡ ಕಾಯದಲ್ಲಿ ಟೊಳ್ಳು ಶೇ. 20ಕ್ಕಿಂತ ಹೆಚ್ಚು ಉಳಿಯುವುದು ಕಷ್ಟ, ಆದ್ದರಿಂದ ಇದರಲ್ಲಿ ಕಲ್ಲಿನ ಪಾಲೇ ಕಡಿಮೆ ಎಂದು ಬ್ರೌನ್ ವಾದಿಸಿದರು. 2019ರಲ್ಲಿ ಇನ್ನೊಬ್ಬ ಖಗೋಳಜ್ಞ ವಿಲ್ ಗ್ರಂಡಿ ಮತ್ತು ಸಂಗಡಿಗರು ಹೆಚ್ಚುಕಡಿಮೆ ಇದೇ ಗಾತ್ರದ, ನೀರಿನಷ್ಟೇ ಸಾಂದ್ರತೆಯ ಇನ್ನೊಂದು ಕಾಯವನ್ನು ಮುಂದಿಟ್ಟು ಬೇರೆ ಮಾತಾಡಿದರು: ಇವುಗಳ ಒಡಲು ಪೂರ್ತಿ ಕಾದೂ ಇಲ್ಲ, ಕುಸಿದೂ ಇಲ್ಲ, ಹುಟ್ಟಿದಾಗಿನ ಟೊಳ್ಳು ಇನ್ನೂ ಇದೆ.

ಒಬ್ಬರ ಉತ್ತರ ಕಾಯ ಯಾವುದರಿಂದ ಆಗಿದೆ ಎಂಬುದಕ್ಕೆ, ಇನ್ನೊಬ್ಬರದು ಅದು ಹೇಗೆ ಉಳಿದಿದೆ ಎಂಬುದಕ್ಕೆ. ಶಾಲೆಯಲ್ಲಿ ನಾವು ಸಾಂದ್ರತೆಯನ್ನು ವಸ್ತುವಿನ ಗುಣವೆಂದು ಕಲಿತೆವು: ಬಂಗಾರಕ್ಕೆ ಇಷ್ಟು, ಸೀಸಕ್ಕೆ ಇಷ್ಟು. ಅದು ಗಟ್ಟಿಗೆ ಸಲ್ಲುವ ಮಾತು. ದೂರದ ಕಾಯದ ತೂಕವನ್ನು ಗಾತ್ರದಿಂದ ಭಾಗಿಸುವಾಗ ಆ ಗಾತ್ರದೊಳಗೆ ಬರಿದೂ ಸೇರಿರುತ್ತದೆ. (ಗಾತ್ರವೇ ಅಂದಾಜಿನದು. ಅಡ್ಡಳತೆ ಶೇ. 10 ತಪ್ಪಿದರೆ ಸಾಂದ್ರತೆ ಶೇ. 30ರ ಆಸುಪಾಸು ತಪ್ಪುತ್ತದೆ.)

ಟೊಳ್ಳು ಅನುಕೂಲಶಾಸ್ತ್ರ, ಲೆಕ್ಕ ಕೂಡದಿದ್ದಲ್ಲಿ ತುಂಬಿಬಿಡಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಟೊಳ್ಳಿನ ವರ್ತನೆ ಕಣ್ಣಿಗೆ ಬಿದ್ದದ್ದೂ ಉಂಟು. 2005ರಲ್ಲಿ ಕ್ಯಾಸಿನಿ ನೌಕೆ ಶನಿಯ ಉಪಗ್ರಹ ಹೈಪೀರಿಯನ್ನಿನ ಹತ್ತಿರ ಹಾದುಹೋಯಿತು. ಸಾಂದ್ರತೆ 0.54ರ ಆಸುಪಾಸು. ಮೈತುಂಬ ಆಳವಾದ, ಅಂಚು ಚೂಪಾದ ಕುಳಿಗಳು, ತಳದಲ್ಲಿ ಕಪ್ಪು. ಬಂದು ಬಡಿದ ಕಲ್ಲು ನೆಲವನ್ನು ಸಿಡಿಸುವ ಬದಲು ಒಳಕ್ಕೆ ಅಮುಕಿದೆ. ಹಾರಿದ ಅಷ್ಟಿಷ್ಟೂ ಸಣ್ಣ ಗುರುತ್ವವನ್ನು ಮೀರಿ ಹೊರಟುಹೋಗಿದೆ. ಹಾಗಾಗಿ ಹಳೆಯ ಕುಳಿಗಳು ಮುಚ್ಚಿಹೋಗಿಲ್ಲ. ಗಟ್ಟಿ ನೆಲದಲ್ಲಿ ಹೀಗಾಗದು. ಇಲ್ಲಿ ಟೊಳ್ಳು ಸುಮ್ಮನೆ ಕೂತಿಲ್ಲ, ಕೆಲಸ ಮಾಡುತ್ತಿದೆ.

ಹೈಪೀರಿಯನ್ ಯುಎಕ್ಸ್25ಕ್ಕಿಂತ ಬಹಳ ಚಿಕ್ಕದು ಎನ್ನಬಹುದು, ನಿಜ. ಯುಎಕ್ಸ್25ರ ಕೇಂದ್ರದಲ್ಲಿ ಒತ್ತಡ ನೂರು ವಾತಾವರಣದಷ್ಟಾದೀತು. ಆದರೆ ಅಲ್ಲಿನ ಕೊರೆಯುವ ಚಳಿಯಲ್ಲಿ ಮಂಜು ಕಲ್ಲಿನಂತೆ ಬಿರುಸು. ಅಷ್ಟು ಒತ್ತಡವನ್ನು ತಾಳಿಕೊಂಡೀತು. ಮಂಜನ್ನು ಮಣಿಸುವುದು ಮುಖ್ಯವಾಗಿ ಬಿಸಿ. ದೊಡ್ಡ ಕಾಯದ ಕಲ್ಲಿನಲ್ಲಿರುವ ವಿಕಿರಣಶೀಲ ಧಾತುಗಳ ಬಿಸಿ ಬೇಗ ಹೊರಹೋಗದು. ಮಂಜು ಮೆತ್ತಗಾಗಿ ಸಂದುಗಳು ಮುಚ್ಚುತ್ತವೆ. ಸುಮಾರು 850 ಕಿಲೋಮೀಟರಿನ ಸಲೇಷಿಯಾ ಎಂಬ ಕೈಪರ್ ಪಟ್ಟಿಯ ಕಾಯದ ಸಾಂದ್ರತೆ 1.5ಕ್ಕೆ ಏರಿರುವುದು ಇದಕ್ಕೆ ಹೊಂದುತ್ತದೆ.

ಹೀಗಾಗಿ ನಾನು ಗ್ರಂಡಿಯವರ ಕಡೆ. ಹಗುರ ಕಾಯಕ್ಕೂ ಭಾರದ ಕಾಯಕ್ಕೂ ಬೇರೆ ಬೇರೆ ಮೂಲದ್ರವ್ಯ ಹುಡುಕಬೇಕಿಲ್ಲ; ಕಾದದ್ದೆಷ್ಟು ಎಂದು ಕೇಳಿದರೆ ಸಾಕು. ಆಗ 0.82 ಎಂಬುದು ವಸ್ತುವಿನ ಗುಣವಾಗದೆ ಅದರ ಚರಿತ್ರೆಯ ಒಂದು ಸಾಲಾಗುತ್ತದೆ. ಈ ವಾದವನ್ನು ಸೋಲಿಸುವ ದಾರಿಯೂ ಸ್ಪಷ್ಟವಿದೆ: ನಕ್ಷತ್ರಗಳನ್ನು ಮರೆಮಾಡುವ ಗಳಿಗೆಯಲ್ಲಿ ಅಳತೆ ಪಕ್ಕಾ ಆದ, ಒಂದೇ ಗಾತ್ರದ, ಒಂದೇ ಬಗೆಯ ಬದುಕಿನ ಎರಡು ಕಾಯಗಳ ಸಾಂದ್ರತೆ ಒಂದಕ್ಕೊಂದು ತೀರಾ ದೂರವಿದ್ದರೆ, ಬ್ರೌನ್ ಹೇಳಿದ ಕಲ್ಲಿನ ಲೆಕ್ಕಕ್ಕೇ ಮರಳಬೇಕಾಗುತ್ತದೆ.