ಎಷ್ಟಿದ್ದರೆ ಸಾಕು?

ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಗ ಮೊನ್ನೆ ಒಂದು ಬೇಡಿಕೆ ಮುಂದಿಟ್ಟ. ಅವನ ಕಂಪ್ಯೂಟರಿಗೆ ಎನ್‌ವಿಡಿಯಾ ಕಂಪೆನಿಯ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡು ಬೇಕಂತೆ. 2025ರ ಜನವರಿಯಲ್ಲಿ ಅದು ಬಂದಾಗ ಅಮೆರಿಕದಲ್ಲಿ ಬೆಲೆ 1,999 ಡಾಲರು. ನಮ್ಮಲ್ಲಿ ಎರಡು ಲಕ್ಷ ರೂಪಾಯಿಗೂ ಮೇಲು. ಗುಮಾಸ್ತರ ಎದೆ ಧಸಕ್ಕೆನ್ನಲು ಇಷ್ಟು ಸಾಲದೆ?

ಆದರೆ ಗುಣವನ್ನು ಗುಣವೆಂದೇ ಹೇಳಬೇಕು. ಅದರಲ್ಲಿ ಲೆಕ್ಕ ಮಾಡುವ 21,760 ಪುಟ್ಟ ಘಟಕಗಳಿವೆ. ಒಂದೇ ಕಚೇರಿಯಲ್ಲಿ ಅಷ್ಟೂ ಗುಮಾಸ್ತರು ಕುಳಿತು ಏಕಕಾಲಕ್ಕೆ ಕೂಡಿ ಕಳೆದಂತೆ! ನಾವು ಬಿ.ಎಸ್‌ಸಿ.ಯಲ್ಲಿ ಸ್ಕೇಲು ಹಿಡಿದು ಎಳೆಯುತ್ತಿದ್ದ ಬೆಳಕಿನ ಕಿರಣಗಳ ದಾರಿಯನ್ನು ಅದು ಕ್ಷಣಮಾತ್ರದಲ್ಲಿ ಗುಣಿಸಿ, ಆಟದ ನೀರಿನಲ್ಲಿ ನಿಜವಾದ ಪ್ರತಿಬಿಂಬ ಮೂಡಿಸುತ್ತದೆ. ಆನಿಮೇಷನ್ನಿಗೂ ಕೃತಕ ಬುದ್ಧಿಮತ್ತೆಯ ಅಭ್ಯಾಸಕ್ಕೂ ಅದೇ ಗಣಿತ ಒದಗುತ್ತದೆ.

ದೋಷಗಳೂ ಇವೆ. ಪೂರ್ತಿ ದುಡಿದಾಗ ಅದು 575 ವ್ಯಾಟ್ ವಿದ್ಯುತ್ ಬೇಡುತ್ತದೆ, ಅಂದರೆ ಏಳೆಂಟು ಸೀಲಿಂಗ್ ಫ್ಯಾನುಗಳಷ್ಟು. ಅದೆಲ್ಲ ಕೊನೆಗೆ ಬಿಸಿಯಾಗಿ ಕೋಣೆ ತುಂಬುತ್ತದೆ. ದೆಹಲಿಯ ಜೂನ್ ತಿಂಗಳಲ್ಲಿ ಇದು ಸಣ್ಣ ಮಾತಲ್ಲ. ಮೇಲಾಗಿ, ನಮ್ಮ ಮನೆಯ ಹಳೆಯ ಮಾನಿಟರು ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಿಸಬಲ್ಲುದು. ಕಾರ್ಡು 150 ಬರೆದರೂ ಕಣ್ಣಿಗೆ ದಕ್ಕುವುದು ಅಷ್ಟೇ. ಚೊಂಬು ಹಿಡಿದು ನಿಂತವನಿಗೆ ಕೆರೆಯಲ್ಲಿ ಎಷ್ಟು ನೀರಿದ್ದರೇನು?

ಈ ವಾದವನ್ನೇ ಹೂಡಿ, "ಇದಕ್ಕಿಂತ ಕಡಿಮೆಯದರಲ್ಲಿ ಆಗದ ಯಾವ ಕೆಲಸ ನಿನಗಿದೆ?" ಎಂದು ಕೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಅಪ್ಪ. ಇದ್ದರೆ ತಾನೆ ಗೊತ್ತಾಗೋದು?" ಎಂದ.

ನಮಗೆ ಮಾತು ಹೊರಡಲಿಲ್ಲ. ಲಾಗ್ ಟೇಬಲ್ ಸಾಕೆಂದು ಮೇಷ್ಟ್ರು ಹೇಳಿದ್ದರೂ, ಕಾಲೇಜಿನಲ್ಲಿ ನಾವು ಸೈಂಟಿಫಿಕ್ ಕ್ಯಾಲ್ಕುಲೇಟರಿಗಾಗಿ ಹಟ ಹಿಡಿದಿದ್ದೆವು. ತೀರ್ಥರೂಪರು ಹೇಗೋ ಹಣ ಹೊಂದಿಸಿ ತಂದುಕೊಟ್ಟರು. ಅದರ ಅರ್ಧ ಗುಂಡಿಗಳನ್ನು ನಾವು ಇಂದಿಗೂ ಒತ್ತಿಲ್ಲ. ಅವರು ಒಂದು ದಿನವೂ ಲೆಕ್ಕ ಕೇಳಲಿಲ್ಲ.

ಅಂದ ಮೇಲೆ ಅಗತ್ಯವನ್ನು ಅಳೆಯುವವರು ಯಾರು? ಕೊಳ್ಳಲಾಗದ ವಸ್ತುವನ್ನು ಬೇಡದ ವಸ್ತುವೆಂದು ಸಾರುವುದು ನಮ್ಮಂಥ ಸಂಬಳದಾರರ ಹಳೆಯ ಅಭ್ಯಾಸ. ಮಿತವ್ಯಯ ಒಳ್ಳೆಯ ಗುಣವೇ ಸರಿ. ಆದರೆ ಕೈ ಖಾಲಿಯಾಗಿರುವುದನ್ನೇ ನೀತಿಯೆಂದು ಮಕ್ಕಳಿಗೆ ಬೋಧಿಸಿದರೆ, ಅವರು ಆ ನೀತಿಯನ್ನೂ ನಂಬರು, ನಮ್ಮನ್ನೂ ನಂಬರು.

ಮರುದಿನ ಮಗನನ್ನು ಕೂಡಿಸಿಕೊಂಡು ಸಂಬಳದ ಚೀಟಿ ತೋರಿಸಿದೆವು. "ಬೇಡವೆಂದಲ್ಲಪ್ಪ, ನಮ್ಮಿಂದಾಗದು" ಎಂದೆವು. ಅವನು ತಾನಾಗಿಯೇ ಬೆಲೆಪಟ್ಟಿಯಲ್ಲಿ ಕೆಳಕ್ಕಿಳಿದು, ನಮಗೆ ನಿಲುಕುವ ಒಂದು ಕಾರ್ಡಿನ ಮೇಲೆ ಬೆರಳಿಟ್ಟ.

ಎಷ್ಟಿದ್ದರೆ ಸಾಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಸುಳ್ಳು ಹೇಳದೆ ಆ ಮಾತನ್ನಾಡಲು ಮಾತ್ರ ಕಲಿತಿದ್ದೇವೆ.