ಹೊಸ ಗುರುವಿನ ಭಾರವು ಯಾರದು?

ಕಣ್ಣು ಕಾಣದ, ಕಿವಿ ಕೇಳದ, ಇಲ್ಲವೆ ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಕಲಿಸುವದಕ್ಕೆ ಹೊಸದಾಗಿ ನೇಮಿಸಲ್ಪಟ್ಟ ಉಪಾಧ್ಯಾಯಿನಿಯೊಬ್ಬಳು ವರುಷ ತುಂಬುವದರೊಳಗೆ ಕಂಗೆಟ್ಟು ಕೆಲಸ ಬಿಟ್ಟು ಹೋದರೆ, ಆ ತಪ್ಪು ಯಾರದು? ಪ್ರಿಯ ವಾಚಕರೇ, ಅವಳಿಗೆ ತಾಳ್ಮೆ ಸಾಲದು ಎಂದು ನಾವು ಒಡನೆ ತೀರ್ಪು ಹೇಳಿಬಿಡುತ್ತೇವೆ. ಈ ತೀರ್ಪು ನ್ಯಾಯವೋ ಅಲ್ಲವೋ ಎಂಬದನ್ನು ಒಬ್ಬಾಕೆಯ ಚರಿತ್ರೆಯಿಂದ ವಿಚಾರಿಸೋಣ.

ಅಮೇರಿಕದ ಅಲಬಾಮಾ ಸೀಮೆಯ ಹೆಲೆನ್ ಕೆಲ್ಲರ್ ಎಂಬವಳ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. 1880ರಲ್ಲಿ ಹುಟ್ಟಿದ ಈಕೆ 19 ತಿಂಗಳ ಕೂಸಾಗಿದ್ದಾಗ ಕಾಯಿಲೆಯಿಂದ ದೃಷ್ಟಿಯನ್ನೂ ಶ್ರವಣವನ್ನೂ ಕಳೆದುಕೊಂಡಳು. 1887ನೇ ಮಾರ್ಚ್ 3ರಂದು ಆನ್ ಸುಲ್ಲಿವನ್ ಎಂಬ 20 ವರುಷದ ಹುಡುಗಿ ಅವಳಿಗೆ ಕಲಿಸಲು ಬಂದಳು. ಏಪ್ರಿಲ್ 5ರಂದು ನೀರಿನ ಪಂಪಿನ ಬಳಿ, ಒಂದು ಕೈಯ ಮೇಲೆ ನೀರು ಸುರಿಯುತ್ತಿರಲು, ಇನ್ನೊಂದು ಕೈಯಲ್ಲಿ ಬೆರಳುಗಳಿಂದ ಬರೆಯಲ್ಪಟ್ಟ ಅಕ್ಷರಗಳ ಅರ್ಥವು ಮಗುವಿಗೆ ಹೊಳೆಯಿತು. ಕಥೆ ಹೇಳುವವರು ಇಲ್ಲಿಗೆ ನಿಲ್ಲಿಸಿ, ಅದ್ಭುತವೆಂದು ಕೊಂಡಾಡುತ್ತಾರೆ. ಆದರೆ ಆ ಎರಡು ತಾರೀಕುಗಳ ನಡುವೆ ಇದ್ದ ದಿನಗಳನ್ನು ನೋಡತಕ್ಕದ್ದು.

ಊಟದ ಮೇಜಿನಲ್ಲಿ ಎಲ್ಲರ ತಟ್ಟೆಗೂ ಕೈ ಹಾಕಿ ತಿನ್ನುವದು ಆ ಮಗುವಿನ ರೂಢಿ. ಒಂದು ಬೆಳಿಗ್ಗೆ ಆನ್ ತನ್ನ ತಟ್ಟೆಯನ್ನು ಮುಟ್ಟಗೊಡಿಸದೆ ಇರಲು, ಮನೆಯವರೆಲ್ಲರೂ ಎದ್ದು ಹೋದರು. ಆಕೆ ಬಾಗಿಲಿಗೆ ಬೀಗ ಹಾಕಿ, ಒದೆತ ಚಿವುಟುಗಳನ್ನು ತಾಳಿಕೊಂಡು, ಮಗು ಚಮಚದಿಂದ ತಿಂದು ಕೈವಸ್ತ್ರವನ್ನು ಮಡಚುವ ತನಕ ಬಿಡಲಿಲ್ಲ. ಬಳಿಕ ತನ್ನ ಕೋಣೆಗೆ ಹೋಗಿ ಅತ್ತಳು. ಹೆಲೆನಳ ಕಣ್ಣೀರನ್ನು ತಂದೆಯು ಸಹಿಸಲಾರದವನಾದದರಿಂದ, ತೋಟದಲ್ಲಿದ್ದ ಚಿಕ್ಕ ಮನೆಗೆ ಅವಳನ್ನು ಕರಕೊಂಡು ಹೋಗಬೇಕಾಯಿತು.

ಇಷ್ಟು ದೂರದಲ್ಲಿ ಆಕೆಯು ನಿಜವಾಗಿ ಒಂಟಿಯಾಗಿದ್ದಳೋ? ಇಲ್ಲ. ಆನ್ ಕಲಿತದ್ದು ಬಾಸ್ಟನಿನ ಪರ್ಕಿನ್ಸ್ ಅಂಧರ ಶಾಲೆಯಲ್ಲಿ. ಆಕೆಯ ಕಣ್ಣುಗಳೇ ಮೊದಲು ಬಹಳ ಮಂದವಾಗಿದ್ದವು. ಆ ಶಾಲೆಯ ಮೊದಲನೆಯ ಮುಖ್ಯಸ್ಥನಾದ ಸ್ಯಾಮ್ಯುಯೆಲ್ ಹೌ ಎಂಬವನು 1837ರಿಂದ ಲಾರಾ ಬ್ರಿಜ್‌ಮನ್ ಎಂಬ, ಕಣ್ಣೂ ಕಿವಿಯೂ ಇಲ್ಲದ ಹುಡುಗಿಗೆ ಕಲಿಸಿ, ಅದನ್ನು ವರದಿಗಳಲ್ಲಿ ಬರೆದಿಟ್ಟಿದ್ದನು. ಆನ್ ಹೊರಡುವ ಮುಂಚೆ ತಿಂಗಳುಗಟ್ಟಲೆ ಅವುಗಳನ್ನು ಓದಿದಳು. ಬೆರಳಕ್ಷರಗಳನ್ನು ಆ ಶಾಲೆಯಲ್ಲೇ ವಾಸವಾಗಿದ್ದ ಲಾರಾಳಿಂದಲೇ ಕಲಿತಿದ್ದಳು. ಹೀಗೆ ಮುಂದಿನವರ ಅನುಭವವು ಆಕೆಯ ಗಂಟಿನಲ್ಲಿತ್ತು.

ಎರಡನೆಯ ಸಹಾಯವು ಬೇರೆ ತರದ್ದು. ಆ ಶಾಲೆಯ ವಸತಿಗೃಹವನ್ನು ನೋಡಿಕೊಳ್ಳುತ್ತಿದ್ದ ಸೋಫಿಯಾ ಹಾಪ್ಕಿನ್ಸ್ ಅಮ್ಮನವರಿಗೆ ಆನ್ ಮೇಲಿಂದ ಮೇಲೆ ಕಾಗದ ಬರೆದಳು. ಮೇಜಿನ ಜಗಳ, ಅಳು, ಸೋಲು, ಸಂತೋಷ, ಯಾವದನ್ನೂ ಮುಚ್ಚಲಿಲ್ಲ. ಹೆಲೆನಳಿಗೆ ಎಷ್ಟೋ ತನಗೂ ಅಷ್ಟೇ ಒಬ್ಬ ಗುರುವು ಬೇಕಾಗಿದೆಯೆಂದು ಒಪ್ಪಿಕೊಂಡಳು. ಮನಃಶಾಸ್ತ್ರದ ಪುಸ್ತಕಗಳನ್ನು ಬೇಡಿದಳು. ಆಕೆಯು ಮನಸ್ಸು ಬಿಚ್ಚಿ ಬರೆದದ್ದು ಈ ಒಬ್ಬ ಅಮ್ಮನವರಿಗೆ ಮಾತ್ರವೇ ಎಂದು, 1903ರಲ್ಲಿ ಹೆಲೆನಳ ಆತ್ಮಚರಿತ್ರೆಯೊಂದಿಗೆ ಆ ಕಾಗದಗಳನ್ನು ಅಚ್ಚು ಹಾಕಿಸಿದ ಜಾನ್ ಮೇಸಿಯು ಹೇಳುತ್ತಾನೆ. ಅಮ್ಮನವರು ಅಂಥ ಮಗುವಿಗೆ ಕಲಿಸಿದವರಲ್ಲ. ಹಾಗಾದರೆ ಅವರು ಕೊಟ್ಟದ್ದೇನು? ತನ್ನ ಸೋಲನ್ನು ಹೇಳಿಕೊಂಡರೂ ಕೆಲಸಕ್ಕೆ ಭಂಗ ಬಾರದೆಂಬ ಧೈರ್ಯವೇ ಎಂದು ನಮಗೆ ತೋರುತ್ತದೆ.

ಇದು ಸಣ್ಣ ಸಂಗತಿಯಲ್ಲ. ಯಾಕಂದರೆ ವಿಚಾರಿಸುವವನು ಬೇರೆ, ಆಸರೆಯಾಗುವವನು ಬೇರೆ. 1892ರಲ್ಲಿ, ಹೆಲೆನಳು ಬರೆದ ಕಥೆಯೊಂದು ಅಚ್ಚಾಗಿದ್ದ ಮತ್ತೊಂದು ಕಥೆಯನ್ನು ಹೋಲುತ್ತದೆಂದು ತಿಳಿದುಬಂದಾಗ, ಅದೇ ಪರ್ಕಿನ್ಸ್ ಶಾಲೆಯವರು ಆ ಮಗುವನ್ನು ವಿಚಾರಣೆಗೆ ನಿಲ್ಲಿಸಿ ಗುರುವನ್ನು ಹೊರಗೆ ಕಳುಹಿಸಿದರು. ಕಳುಹಿಸಿಕೊಟ್ಟವರೇ ನ್ಯಾಯಾಧಿಪತಿಗಳಾದರು! ಅದ್ಭುತವೆಂಬ ಹೊಗಳಿಕೆಯೂ ಒಂದು ಬಗೆಯ ಹೊರೆಯೇ. ಪತ್ರಿಕೆಗಳ ಅತಿಶಯೋಕ್ತಿಗಳಿಗೆ ಆನ್ ತಾನೇ ಬೇಸರಪಟ್ಟಳು. ಅಂಥಾ ಕಥೆಯನ್ನು ಓದಿ ಕೆಲಸಕ್ಕೆ ಬಂದ ಹೊಸಬಳು ತಿಂಗಳೊಳಗೆ ಅದ್ಭುತವನ್ನು ಕಾಣದಿದ್ದರೆ ತನ್ನನ್ನೇ ಹಳಿದುಕೊಳ್ಳದೆ ಇರುವಳೇ?

ಸಹಾಯ ಮಾಡಿದರೆ ಅವಳು ಸ್ವಂತ ಕಾಲಿನ ಮೇಲೆ ನಿಲ್ಲಲಾರಳೆಂದು ಕೆಲವರು ಹೇಳಾರು. ಅದರಲ್ಲಿ ಸ್ವಲ್ಪ ನಿಜವುಂಟು. ತರಗತಿಯಲ್ಲಿ ಅವಳ ಕೈಯಿಂದ ಕೆಲಸ ಕಿತ್ತುಕೊಳ್ಳುವವನು ಉಪಕಾರಿಯಲ್ಲ. ಆದರೆ ಹಾಪ್ಕಿನ್ಸ್ ಅಮ್ಮನವರು ಟಸ್ಕಂಬಿಯಾ ಊರಿಗೆ ಹೋಗಿ ಮಗುವಿನ ಕೈ ಹಿಡಿಯಲಿಲ್ಲ. ಆ ಕೆಲಸವನ್ನು ಆನ್ ತಾನೇ ಮಾಡಿದಳು. ಆದದರಿಂದ ಇಂಥ ಆಸರೆಯನ್ನು ನಾವು ದಯೆಯೆಂದು ಕರೆಯುವದು ಸರಿಯಲ್ಲ. ಕಠಿಣವಾದ ಕೆಲಸಕ್ಕೆ ಒಬ್ಬಳನ್ನು ಕಳುಹಿಸುವವರು ಅವಳಿಗೆ ತೀರಿಸತಕ್ಕ ಸಾಲವದು.

ನಮ್ಮ ದೇಶದಲ್ಲಿ 2016ರ ಕಾನೂನಿನ ಪ್ರಕಾರ, ನಿಗದಿಯಾದ ಪ್ರಮಾಣದ ಅಂಗವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರುಷದ ವರೆಗೆ ಉಚಿತ ಶಿಕ್ಷಣದ ಹಕ್ಕುಂಟು. ಕರ್ನಾಟಕದ ತಾಲೂಕುಗಳಲ್ಲಿ ಇದಕ್ಕೆಂದು ನೇಮಿಸಲ್ಪಟ್ಟ ಶಿಕ್ಷಕರು ಶಾಲೆಯಿಂದ ಶಾಲೆಗೂ, ಹಾಸಿಗೆ ಬಿಟ್ಟು ಏಳಲಾರದ ಮಕ್ಕಳ ಮನೆಗಳಿಗೂ ಹೋಗುತ್ತಾರೆ. ಅಂಥವಳೊಬ್ಬಳು ನಮ್ಮ ಊರಿಗೆ ಬಂದಾಗ, ಮಗು ಯಾವಾಗ ಮಾತಾಡೀತೆಂದು ತಾಯಿ ಕೇಳುತ್ತಾಳೆ, ವರದಿ ಎಲ್ಲಿ ಎಂದು ಮೇಲಿನವರು ಕೇಳುತ್ತಾರೆ. ಸಂಜೆಯ ಬಸ್ಸು ಬರುವ ತನಕ ಅವಳ ಪಕ್ಕದಲ್ಲಿ ಕೂತು, ಈ ಹೊತ್ತು ಏನಾಯಿತಮ್ಮಾ ಎಂದು ಕೇಳಿ, ಅವಳು ಹೇಳುವದನ್ನು ಕೊನೆಯ ವರೆಗೆ ಕೇಳುವವರು ನಮ್ಮಲ್ಲಿ ಯಾರು?